ಬೊಜ್ಜಪ್ಪ ಮತ್ತು ಮೇಲಿನ ಗದ್ದೆಯ ಔಷಧಿ

ಮಕ್ಕಳೇ, ಕಾಡಂಚಿನ ಕೆರೆಯ ಕೆಳಗೆ ಎರಡು ಭತ್ತದ ಗದ್ದೆಗಳಿದ್ದವು. ನಡುವೆ ಒಂದು ಬದು. ಕೆಳಗಿನ ಗದ್ದೆಗೆ ಅದರ ಯಜಮಾನ ಸಗಣಿ ಗೊಬ್ಬರ, ಹೊಂಗೆ ಸೊಪ್ಪು ಬಿಟ್ಟು ಬೇರೇನೂ ಹಾಕುತ್ತಿರಲಿಲ್ಲ. ಅಲ್ಲಿ ಎರೆಹುಳ, ಜೇಡ, ಏರೋಪ್ಲೇನ್ ಚಿಟ್ಟೆ ಎಲ್ಲವೂ ಬಾಡಿಗೆಯಿಲ್ಲದೆ ವಾಸವಾಗಿದ್ದವು. ಬೊಜ್ಜಪ್ಪನೆಂಬ ಕಪ್ಪೆಯ ಸಂಸಾರವೂ ಅಲ್ಲೇ ಇತ್ತು.

ಬೊಜ್ಜಪ್ಪನಿಗೆ ಇಲ್ಲದ ಕಾಯಿಲೆ ಇರಲಿಲ್ಲ. ದಿನವಿಡೀ ನೀರಿನಲ್ಲೇ ಕೂತು, "ಶೀತ ಆಗಿದೆ ಕಣೇ" ಎಂದು ನರಳುತ್ತಿದ್ದ. ಆ ನರಳಾಟದ ನಡುವೆಯೇ ನಲವತ್ತು ಸೊಳ್ಳೆ ನುಂಗುತ್ತಿದ್ದ. ಪಾಪ, ಬಾಯಿ ರುಚಿ ಕೆಟ್ಟಿತ್ತಂತೆ.

ಅವನ ಹೆಂಡತಿ ತಂಪಮ್ಮ ಬದುವಿನ ಬುಡದಲ್ಲಿ ಆಗಷ್ಟೇ ಮೊಟ್ಟೆ ಇಟ್ಟಿದ್ದಳು. ಆ ಸಂಜೆ ಮೇಲಿನ ಗದ್ದೆಯ ಯಜಮಾನ ಹೇಳಿದ್ದು ಬೊಜ್ಜಪ್ಪನ ಕಿವಿಗೆ ಬಿತ್ತು: "ನಾಳೆ ಬೆಳಿಗ್ಗೆ ಗದ್ದೆಗೆ ಔಷಧಿ ಹೊಡೀಬೇಕು."

ಬೊಜ್ಜಪ್ಪ ಕುಪ್ಪಳಿಸಿದ. "ಕೇಳಿದೆಯೇನೇ? ಗದ್ದೆಗೇ ಔಷಧಿಯಂತೆ! ನಮ್ಮ ಯಜಮಾನ ಕೊಡೋದು ಬರೀ ಸಗಣಿ."

"ಆ ಸಗಣಿ ತಿಂದ ಹುಳ ತಿಂದೇ ನಿಮ್ಮ ಹೊಟ್ಟೆ ಹೀಗಾಗಿರೋದು" ಎಂದಳು ತಂಪಮ್ಮ.

ಪಕ್ಕದ ಬಿಲದಿಂದ ಏಡಿ ಮಾವ ತಲೆ ಹಾಕಿದ. "ನನ್ನ ತಮ್ಮ ಮೇಲಿನ ಗದ್ದೆಯಲ್ಲೇ ಇದ್ದನಪ್ಪಾ. ಹೋದ ವರ್ಷ ಔಷಧಿ ಹೊಡೆದ ಮೇಲೆ ಕಾಣಿಸಲೇ ಇಲ್ಲ."

"ಗುಣವಾಗಿ ಬೇರೆ ಕಡೆ ಹೋಗಿರಬೇಕು ಮಾವ" ಎಂದ ಬೊಜ್ಜಪ್ಪ. ಎಂಥ ಬುದ್ಧಿವಂತ ನೋಡಿ.

ಬದುವಿನಲ್ಲಿ ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ತೂರುವ ಹಳೆಯ ಬಿಲವೊಂದಿತ್ತು; ಏಡಿ ಮಾವ ಅದನ್ನು ಕೆಸರು ಮೆತ್ತಿ ಮುಚ್ಚಿದ್ದ. ಬೆಳಗಾಗುತ್ತಲೇ ಬೊಜ್ಜಪ್ಪ ಯಾರಿಗೂ ಹೇಳದೆ ಆ ಕೆಸರನ್ನು ಒದ್ದು ಕಿತ್ತ. ಮೇಲಿನ ನೀರು ಸಣ್ಣಗೆ ಮೊಟ್ಟೆಗಳ ಕಡೆ ಇಳಿಯತೊಡಗಿತು. ಹುಟ್ಟುವ ಮೊದಲೇ ಮಕ್ಕಳಿಗೆ ಔಷಧಿ ಕುಡಿಸುವ ತಂದೆ ಎಲ್ಲರಿಗೂ ಸಿಗುತ್ತಾನೆಯೇ?

ಅವನು ಮೇಲಿನ ಗದ್ದೆಗೆ ಹತ್ತಿ ಕೂತ. ಎಷ್ಟು ಚೊಕ್ಕಟ! ಒಂದು ಎರೆಹುಳ ಇಲ್ಲ, ಜೇಡ ಇಲ್ಲ, ವಟಗುಟ್ಟುವ ನೆಂಟರಿಲ್ಲ. "ಆಸ್ಪತ್ರೆ ಅಂದರೆ ಇದು" ಎಂದುಕೊಂಡ. ಅಷ್ಟರಲ್ಲಿ ಯಜಮಾನ ಬೆನ್ನಿಗೆ ಡಬ್ಬ ಕಟ್ಟಿಕೊಂಡು, ಮೂಗಿಗೆ ಬಟ್ಟೆ ಸುತ್ತಿಕೊಂಡು ಬಂದ. ಔಷಧಿ ಕೊಡುವವನೇ ಮೂಗು ಮುಚ್ಚಿಕೊಂಡದ್ದು ಯಾಕೆಂದು ಬೊಜ್ಜಪ್ಪ ಯೋಚಿಸಲಿಲ್ಲ. ಬಾಯಿ ತೆರೆದು ಕಾದ.

ಜುಯ್ ಎಂದು ಮಂಜು ಹಾರಿತು. ಬೊಜ್ಜಪ್ಪನ ಕಣ್ಣು ಉರಿಯಿತು, ಚರ್ಮ ಸುಟ್ಟ ಹಾಗಾಯಿತು. ದಾರಿ ತಪ್ಪಿ ಬಂದಿದ್ದ ಏರೋಪ್ಲೇನ್ ಚಿಟ್ಟೆಯೊಂದು ಅವನ ಮುಂದೆ ಬಿತ್ತು, ಎರಡು ಸಲ ರೆಕ್ಕೆ ಬಡಿದು ಸುಮ್ಮನಾಯಿತು.

ಬೊಜ್ಜಪ್ಪನಿಗೆ ತನ್ನ ಉರಿ ಮರೆತುಹೋಯಿತು. ಬಿಲ! ಮೊಟ್ಟೆ!

ಜೀವಮಾನದಲ್ಲಿ ಎಂದೂ ಹಾರದಷ್ಟು ದೂರ ಹಾರಿ ಬಂದು ಬಿಲದೊಳಗೆ ನುಗ್ಗಿದ. ತಲೆ ಆಚೆ ಬಂತು, ಹೊಟ್ಟೆ ಸಿಕ್ಕಿಕೊಂಡಿತು. ನೀರು ನಿಂತಿತು. ಈಗ ಅವನ ಹಿಂದೆ ಔಷಧಿ, ಮುಂದೆ ಹೆಂಡತಿ.

"ಏನ್ರೀ ಇದು?"

"ತಪ್ಪಾಯ್ತು ಕಣೇ. ಏಡಿ ಮಾವನ್ನ ಕೂಗು. ಅವರು ಬರೋವರೆಗೂ ನಾನು ಅಲ್ಲಾಡಲ್ಲ."

ಏಡಿ ಮಾವ ದೊಡ್ಡ ಕೆಸರು ಮುದ್ದೆ ಮಾಡಿಟ್ಟುಕೊಂಡು, ಅವನನ್ನು ಎಳೆದು, ಆ ಕ್ಷಣವೇ ಮುದ್ದೆಯನ್ನು ಬಿಲಕ್ಕೆ ತುರುಕಿದ. ಆದರೂ ಅಷ್ಟರೊಳಗೆ ಇಳಿದ ನೀರಿಗೆ ಬದುವಿನ ಪಕ್ಕದ ಒಂದಿಷ್ಟು ಮೊಟ್ಟೆಗಳು ಹಾಳಾದವು. ಬೊಜ್ಜಪ್ಪ ಅವುಗಳ ಮುಂದೆ ಕೂತು ಅತ್ತ. ಅವನು ನಿಜವಾಗಿ ನರಳಿದ್ದು ಅದೇ ಮೊದಲು.

ಉಳಿದ ಮೊಟ್ಟೆಗಳಿಂದ ಮರಿಗಳು ಬಂದು ಸಗಣಿ ಗೊಬ್ಬರದ ನೀರಿನಲ್ಲಿ ಬಾಲ ಅಲ್ಲಾಡಿಸಿದವು. ಬೊಜ್ಜಪ್ಪ ಈಗಲೂ ಒಮ್ಮೊಮ್ಮೆ "ಮೈ ಸರಿಯಿಲ್ಲ" ಎನ್ನುತ್ತಾನೆ.

"ಮೇಲಿನ ಗದ್ದೆಗೆ ಹೋಗಿ ಬರ್ತೀರಾ?" ಎಂದು ತಂಪಮ್ಮ ಕೇಳುತ್ತಾಳೆ. ತಕ್ಷಣ ಗುಣವಾಗುತ್ತದೆ.

ನೀತಿ: ಔಷಧಿ ಎಂದು ಕರೆದ ಮಾತ್ರಕ್ಕೆ ವಿಷ ತನ್ನ ಗುಣ ಬಿಡುವುದಿಲ್ಲ; ಹುಳ ಬದುಕುವ ಮಣ್ಣಿನಲ್ಲೇ ನಮ್ಮ ಮಕ್ಕಳೂ ಬದುಕುತ್ತಾರೆ.