ಗಾಣದ ಮುನಿಸು

ಎಣ್ಣೆಯ ಗಾಣಕ್ಕೆ ತನ್ನ ಎತ್ತಿನ ಮೇಲೆ ಮುನಿಸು. ಒಂದು ಸಂಜೆ, ಎದ್ದು ಬರುತ್ತಿದ್ದ ಚಂದ್ರನನ್ನು ಕಂಡು ಅದು ಎತ್ತಿಗೆ ಕಿರುಗುಟ್ಟಿತು: “ನೀನೂ ಅವನಂತೆಯೇ. ಅವನು ಭೂಮಿಗೆ ಒಂದೇ ಮುಖ ತೋರಿಸುತ್ತಾನೆ, ನೀನು ನನಗೆ ಎಡಮಗ್ಗುಲು ಮಾತ್ರ. ಇಷ್ಟು ವರ್ಷ ನನ್ನನ್ನು ಸುತ್ತಿದ್ದೀಯ, ನನಗಾಗಿ ಒಮ್ಮೆಯೂ ತಿರುಗಲಿಲ್ಲ.”

ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡಿದ್ದ ಎತ್ತು ನಡೆಯುತ್ತಲೇ ಹೇಳಿತು: “ಕಣ್ಣಿಗೆ ಕಾಣದಿದ್ದರೂ ಮೈಗೆ ಗೊತ್ತಾಗುತ್ತದೆ. ಈಗ ಬಿಸಿಲು ನನ್ನ ಹಣೆಗೆ ಬೀಳುತ್ತಿದೆ, ಅರ್ಧ ಸುತ್ತು ಹೋದರೆ ಬಾಲಕ್ಕೆ. ಪ್ರತಿ ಸುತ್ತಿಗೂ ನಾನು ಪೂರಾ ಒಂದು ಸಲ ತಿರುಗುತ್ತೇನೆ, ಚಂದ್ರನೂ ಹಾಗೆಯೇ. ತಿರುಗದೆ ಸುತ್ತಿದ್ದರೆ ನಿನಗೆ ಆಚೆ ಮಗ್ಗುಲೂ ಕಾಣುತ್ತಿತ್ತು. ನಿನ್ನ ಕಡೆಗೇ ಇರಬೇಕೆಂದರೆ ನಾನು ತಿರುಗುತ್ತಲೇ ಇರಬೇಕಲ್ಲ.”

ನೊಗ ಬಿಚ್ಚಿದ ಮೇಲೆ ಎತ್ತು ಕೊಟ್ಟಿಗೆಗೆ ಹೋಗದೆ, ಅದೇ ಎಡಮಗ್ಗುಲನ್ನು ಗಾಣಕ್ಕೆ ಒರಗಿಸಿ ಮಲಗಿತು.