ರಸ್ತೆಗೆ ಬಲ, ನನಗೆ ಎಡ

ಸಂಜೀವ ಭಂಡಾರಿಯ ಸೆಲೂನಿನಲ್ಲಿ ಗಡ್ಡಕ್ಕೆ ಸೋಪು ಹಚ್ಚಿಸಿಕೊಳ್ಳುತ್ತಾ ಹೇಳಿದೆ:

"ಗಲ್ಫಿನಲ್ಲಿ ಒಂದೇ ಏಟಿಗೆ ಡ್ರೈವಿಂಗ್ ಲೈಸೆನ್ಸ್ ಹೊಡೆದ ಹೊರದೇಶದವನು ನಾನೊಬ್ಬನೇ. ಕೊಟ್ಟ ಸಾಹೇಬ ತೀರಿಕೊಂಡ, ಕಾರು ಗುಜರಿಗೆ ಹೋಯಿತು. ಬೇಕಾದರೆ ಅವರನ್ನೇ ಕೇಳಿ!

ಟೆಸ್ಟಿನ ದಿನ ಸಾಹೇಬ ಮೀಸೆ ತಿರುವಿ ಗದರಿದ. 'ಇಲ್ಲಿ ರಸ್ತೆಯ ಬಲಕ್ಕೇ ಓಡಿಸಬೇಕು. ಒಮ್ಮೆ ಎಡಕ್ಕೆ ಹೋದೆಯೋ, ಕೆಲಸವೂ ಇಲ್ಲ, ಇವತ್ತೇ ಊರಿಗೆ ವಿಮಾನ!'

ನನ್ನ ಕೈಗೋ ನಮ್ಮೂರಿನ ಎಡಗಡೆಯೇ ಅಭ್ಯಾಸ. ಏನು ಮಾಡಿದೆ? ಬಲಬದಿಯಲ್ಲೇ ಕಾರನ್ನು ಮೂತಿ ಹಿಂದಾಗುವಂತೆ ತಿರುಗಿಸಿ ನಿಲ್ಲಿಸಿದೆ. ರಿವರ್ಸ್ ಹಾಕಿದೆ. ಕುತ್ತಿಗೆ ಹಿಂದಕ್ಕೆ ತಿರುಗಿಸಿಕೊಂಡು ಪೇಟೆಯಿಡೀ ಹಾಗೇ ಓಡಿಸಿದೆ.

ಸಾಹೇಬ ಸೀಟು ಅಪ್ಪಿಕೊಂಡು ಕಿರುಚಿದ. 'ಏನೋ ಇದು ಹುಚ್ಚು?'

'ಸ್ವಾಮೀ, ರಸ್ತೆಗೆ ಬಲ, ನನಗೆ ಎಡ. ಎರಡು ದೇಶದ ಕಾನೂನೂ ಪಾಲಿಸಿದ್ದೇನೆ. ತಪ್ಪಿದ್ದರೆ ತೋರಿಸಿ!'

ಅವನು ಬೆವರು ಒರೆಸಿಕೊಂಡ. ಯೋಚಿಸಿದ. ತಪ್ಪೇ ಸಿಗಲಿಲ್ಲ. ಸಹಿ ಹಾಕಿದ."

ಸಂಜೀವ ಕ್ಷೌರದ ಕತ್ತಿ ನಿಲ್ಲಿಸಿದ. "ಅಲ್ಲ ಅಜ್ಜ, ನಿಮ್ಮ ಕುತ್ತಿಗೆ ಹುಟ್ಟಿದಾಗಿನಿಂದ ತಿರುಗುವುದಿಲ್ಲ ಎಂದು ನೀವೇ ಹೇಳಿದ್ದಲ್ಲವಾ? ಗಡ್ಡ ಕೆರೆಯಲು ಪ್ರತಿಸಲ ನಾನೇ ಕುರ್ಚಿಗೆ ಪ್ರದಕ್ಷಿಣೆ ಹಾಕುತ್ತೇನೆ!"

ನಾನು ಭುಜ ಕುಣಿಸಿದೆ. ಸದ್ಯ, ಅದಾದರೂ ಅಲುಗಾಡುತ್ತದೆ.