ನುಣ್ಣಕ್ಕ ಬಾಗಿಲು ಹಾಕಿಕೊಂಡದ್ದು

ಭೂಮಿಗೆ ಇನ್ನೂ ಹೊಸ ಮಡಕೆಯ ವಾಸನೆ ಇದ್ದ ಕಾಲ ಅದು. ಬೇಸಿಗೆ ಅಂದರೆ ಏನು ಅಂತ ಯಾರಿಗೂ ಗೊತ್ತಿರಲಿಲ್ಲ. ದಿನಾ ಸಂಜೆ ಮಳೆ, ದಿನಾ ಬೆಳಿಗ್ಗೆ ಚಿಗುರು.

ಆಗ ಬಸವನಹುಳುವಿನ ಚಿಪ್ಪಿಗೆ ಬಾಗಿಲಿರಲಿಲ್ಲ. ಎಲ್ಲೆಲ್ಲೂ ತಂಪಿದ್ದಾಗ ಬಾಗಿಲು ಯಾರಿಗೆ ಬೇಕು? ಅವಳ ಮೈ ನುಣುಪು ನೋಡಿ ಎಲ್ಲರೂ ಅವಳನ್ನು ನುಣ್ಣಕ್ಕ ಅಂತ ಕರೆಯುತ್ತಿದ್ದರು. ಬೆನ್ನ ಮೇಲೆ ಮನೆ, ಮೈಯೊಳಗೆ ಒಂದು ಗುಟುಕು ನೀರು, ಅಷ್ಟೇ ಅವಳ ಆಸ್ತಿ. ಹೋದಲ್ಲೆಲ್ಲ ಆ ನೀರು ಹೊಳೆಯುವ ಗೆರೆಯಾಗಿ ಹಿಂದೆ ಉಳಿಯುತ್ತಿತ್ತು. ಸಂಜೆಯ ಮಳೆಗೆ ಗುಟುಕು ಮತ್ತೆ ತುಂಬುತ್ತಿತ್ತು.

ಒಂದು ಸಂಜೆ ಮಳೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಎಲೆಗಳು ಮುದುರಿದವು, ಬಂಡೆಗಳು ಕಾದವು.

ಗಾಳಿರಾಯ ಓಡಿ ಬಂದ. ಕೆಟ್ಟವನಲ್ಲ ಅವನು, ಬಾಯಿಗೆ ಬೀಗ ಇಲ್ಲ ಅಷ್ಟೇ.

“ನುಣ್ಣಕ್ಕಾ, ನುಣ್ಣಕ್ಕಾ! ಗುಡ್ಡದಾಚೆ ಮೋಡ ಕಟ್ಟಿದೆ! ಬಾ, ನೋಡು!”

ನುಣ್ಣಕ್ಕ ಬಂಡೆಯ ತುದಿಯವರೆಗೂ ಹತ್ತಿದಳು. ಮೋಡವಿಲ್ಲ. ಇಳಿದು ಬಂದಳು.

ಮರುದಿನ ಮತ್ತೆ ಬಂದ. “ಈ ಸಲ ಸತ್ಯ ಕಣಕ್ಕಾ. ಕಣ್ಣಾರೆ ನೋಡಿದೆ!”

“ನಿನಗೆ ಕಣ್ಣು ಬೇರೆ ಇದೆಯೇನೋ?” ಅಂದಳು ನುಣ್ಣಕ್ಕ. ಅಂದರೂ ಹತ್ತಿದಳು. ಹತ್ತದೆ ಇರಲು ಅವಳಿಂದ ಆಗಲಿಲ್ಲ. ಹತ್ತಿದಳು, ಇಳಿದಳು. ಮತ್ತೆ ಹತ್ತಿದಳು, ಮತ್ತೆ ಇಳಿದಳು. ಗುಟುಕು ನೀರು ಅರೆ ಗುಟುಕಾಯಿತು. ಅರೆ ಗುಟುಕು ನಾಲ್ಕು ಹನಿಯಾಯಿತು.

ಆ ಬಂಡೆಯ ಬುಡದಲ್ಲಿ ಈರಕ್ಕ ಅಂತ ಒಬ್ಬ ಮುದುಕಿ ಇದ್ದಳು. ಅವತ್ತು ಅವಳು ಹೀರೆ ಬೀಜಕ್ಕೆ ಬೂದಿ ಬೆರೆಸಿ ಕುಡಿಕೆಗೆ ತುಂಬಿ, ಅದರ ಬಾಯಿಗೆ ಸೆಗಣಿಮಣ್ಣು ಮೆತ್ತುತ್ತಿದ್ದಳು.

“ಬೀಜಕ್ಕೆ ಉಸಿರು ಕಟ್ಟಲ್ವೇನಜ್ಜಿ?” ಅಂದಳು ನುಣ್ಣಕ್ಕ.

“ಅದಕ್ಕೆಷ್ಟು ಬೇಕೋ ಅಷ್ಟು ಉಸಿರು ಮಣ್ಣೇ ಒಳಗೆ ಬಿಡ್ತದೆ.”

“ನಡುವೆ ತೆಗೆದು ನೋಡಲ್ವಾ? ಬದುಕಿದೆಯೋ ಇಲ್ಲವೋ ಅಂತ?”

“ಮೊದಲ ಸಲ ಹಾಗೇ ಮಾಡಿದೆ. ದಿನಾ ತೆಗೆದೆ, ದಿನಾ ನೋಡಿದೆ. ಹುಳ ಹಿಡೀತು, ಹಿಡಿ ಬೀಜ ಹಾಳಾಯ್ತು.” ಈರಕ್ಕ ಕೈ ಒರೆಸಿಕೊಂಡು ಬಂಡೆಯ ಕಡೆ ಬೆರಳು ತೋರಿಸಿದಳು. “ನೀನೂ ಅದೇ ಕೆಲಸ ಮಾಡ್ತಿದ್ದೀಯ ಕಣವ್ವಾ. ಅಲ್ನೋಡು, ನಿನ್ನ ಜೀವ ಎಲ್ಲಿ ಬಿದ್ದು ಒಣಗ್ತಾ ಇದೆ.”

ನುಣ್ಣಕ್ಕ ತಿರುಗಿ ನೋಡಿದಳು. ಬಂಡೆಯ ತುಂಬ ಮೇಲಕ್ಕೊಂದು ಗೆರೆ, ಕೆಳಕ್ಕೊಂದು ಗೆರೆ. ಎಲ್ಲ ಒಣಗಿ ಬೆಳ್ಳಗಾಗಿದ್ದವು.

“ನನ್ನ ಹತ್ತಿರ ಮಣ್ಣಿಲ್ಲ, ಸೆಗಣಿಯಿಲ್ಲ. ಉಳಿದಿರೋದು ನಾಲ್ಕೇ ಹನಿ.”

“ಇದ್ದದ್ದರಲ್ಲೇ ಮೆತ್ತಬೇಕು. ನಾನೇನು ಚಿನ್ನದಲ್ಲಿ ಮೆತ್ತಿದೆನಾ?”

ನುಣ್ಣಕ್ಕ ಬಂಡೆಯ ಸಂದಿಗೆ ಸರಿದಳು. ಮೈಯನ್ನು ಚಿಪ್ಪಿನೊಳಗೆ ಎಳೆದುಕೊಂಡಳು. ಒಂದು ಹನಿಯನ್ನು ತೆಳ್ಳಗೆ ಹರಡಿ ಚಿಪ್ಪಿನ ಬಾಯಿಗೆ ಹಚ್ಚಿದಳು. ಬಿಸಿಲು ಅದನ್ನು ಒಣಗಿಸಿ ಬಿಳಿ ಬಾಗಿಲು ಮಾಡಿತು. ಬಿಸಿಲಿನಿಂದಲೂ ಕೆಲಸ ಮಾಡಿಸಿಕೊಂಡಳು, ಜಾಣೆ!

ಗಾಳಿರಾಯ ಬಂದು ಬಡಿದ. “ಅಕ್ಕಾ, ಮಳೆ!” ಅವಳು ತೆಗೆಯಲಿಲ್ಲ. “ಅಕ್ಕಾ, ಈ ಸಲ ನಿಜ!” ತೆಗೆಯಲಿಲ್ಲ.

ಇರುವೆಗಳು ಸಾಲಾಗಿ ಬಂದವು. ಸತ್ತವರನ್ನು ಹೊತ್ತುಕೊಂಡು ಹೋಗುವುದು ಅವುಗಳ ಕಸುಬು.

“ನುಣ್ಣಕ್ಕ ಹೋಗಿಬಿಟ್ಟಳು. ಎತ್ರೇ!” ಅಂತು ಚಿಕ್ಕದು.

ದೊಡ್ಡ ಇರುವೆ ಬಾಗಿಲು ಮುಟ್ಟಿ ನೋಡಿತು. “ಸತ್ತವರು ಒಳಗಿಂದ ಬಾಗಿಲು ಹಾಕ್ಕೋತಾರೇನೇ, ದಡ್ಡಿ? ಮನೆಯವರು ಇದ್ದಾರೆ. ನಡಿ!”

ಒಳಗೆ ಮೊದಲು ಭಯವೂ ನುಣ್ಣಕ್ಕನ ಜೊತೆಗೇ ಸಿಕ್ಕಿಕೊಂಡಿತ್ತು. ಅಳು ಬಂತು. ಅಳುವೂ ನೀರೇ ಅಲ್ಲವೆ? ನುಂಗಿಕೊಂಡಳು. ಮಳೆ ಯಾವಾಗ, ಮಳೆ ಯಾವಾಗ ಅಂತ ಕೇಳಿ ಕೇಳಿ ಭಯವೇ ಸುಸ್ತಾಗಿ ಮಲಗಿತು. ಆಗ ಅವಳಿಗೆ ಒಂದು ಸದ್ದು ಕೇಳಿಸಿತು. ಟಕ್... ತುಂಬ ಹೊತ್ತು ಬಿಟ್ಟು, ಟಕ್... ಅವಳದೇ ಎದೆಯ ಸದ್ದು. ಹೊರಗೆ ಓಡಾಡುವಾಗ ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ. ಅದನ್ನೇ ಕೇಳುತ್ತ, ತನ್ನ ಮೂರು ಹನಿಯ ತಂಪಿನಲ್ಲಿ ಕಣ್ಣು ಮುಚ್ಚಿದಳು.

ಎಷ್ಟು ದಿನವೋ! ಆ ಬೇಸಿಗೆಗೆ ಮುಗಿಯುವುದು ಹೇಗೆ ಅಂತಲೇ ಗೊತ್ತಿರಲಿಲ್ಲ, ಅದೇ ಮೊದಲ ಬೇಸಿಗೆ ನೋಡು.

ಒಂದು ದಿನ ಬಾಗಿಲು ತಾನಾಗಿ ಮೆತ್ತಗಾಯಿತು. ನೀರಿನಿಂದ ಆದ ಬಾಗಿಲು ಅದು, ನೀರನ್ನು ಗುರುತು ಹಿಡಿಯಿತು. ಯಾರ ಮಾತನ್ನೂ ಕೇಳಬೇಕಾಗಲಿಲ್ಲ. ನುಣ್ಣಕ್ಕ ತಲೆಯಿಂದ ಒಮ್ಮೆ ಒತ್ತಿದಳು. ಹೊರಗೆ ಧಾರಾಕಾರ ಮಳೆ! ಬಂಡೆಯ ಬುಡದಲ್ಲಿ ಈರಕ್ಕ ನೆನೆಯುತ್ತ ಕುಡಿಕೆಯ ಬಾಯಿ ಒಡೆಯುತ್ತಿದ್ದಳು.

“ನನ್ನ ಬೀಜ ಚೆನ್ನಾಗಿದೆ. ನಿನ್ನದು?”

“ಮೂರು ಹನಿಯೂ ಇದೆ ಅಜ್ಜಿ!”

ಅದಕ್ಕೇ ಮಗಾ, ಇವತ್ತಿಗೂ ಬೇಸಿಗೆಯಲ್ಲಿ ಗೋಡೆಯ ಸಂದಿಯಲ್ಲಿ ಬಿಳಿ ಬಾಗಿಲು ಹಾಕಿಕೊಂಡ ಚಿಪ್ಪು ಅಂಟಿರುತ್ತದೆ. ಕಡ್ಡಿಯಿಂದ ಚುಚ್ಚಬೇಡ, ಮನೆಯವರು ಇದ್ದಾರೆ. ಮೊದಲ ಮಳೆ ಬಿದ್ದ ಬೆಳಿಗ್ಗೆ ಹೋಗಿ ನೋಡು: ಚಿಪ್ಪು ಅಲ್ಲಿರುವುದಿಲ್ಲ, ಗೋಡೆಯ ಮೇಲೆ ಒಂದು ಗೆರೆ ಹೊಳೆಯುತ್ತಿರುತ್ತದೆ.